ಅಶ್ವತ್ಥರ ಕ್ಯಾಸೆಟ್ಟು, ಒಬ್ಬ ಕವಿ, ಎರಡು ಮಗ್ಗುಲು

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ಕನ್ನಡ ಕವಿತೆಗಳಿಗೆ ರಾಗ ಹಾಕಿ ಹಾಡಿದ ಸಿ. ಅಶ್ವತ್ಥ್ ಅವರ ಧ್ವನಿಸುರುಳಿಗಳ ಬಗ್ಗೆ ಮಾತಾಡುತ್ತೇನೆ. ಧ್ವನಿಸುರುಳಿ ಅಂದರೆ ನಮ್ಮ ಕ್ಯಾಸೆಟ್ಟೇ. ನೀವು ಒಗ್ಗರಣೆ ಹಾಕುತ್ತಾ ಕೇಳುತ್ತಿರಬಹುದು, ಅಂಗಡಿ ಬಾಗಿಲು ತೆಗೆದು ಕಸ ಗುಡಿಸುತ್ತಾ ಕೇಳುತ್ತಿರಬಹುದು. ಹಾಗಾಗಿ ಹೇಳಬೇಕಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಅಶ್ವತ್ಥರನ್ನು ಕೇಳುವುದಾದರೆ ಇಡೀ ಕ್ಯಾಸೆಟ್ ಕೇಳಿ. ಅಲ್ಲೊಂದು ಇಲ್ಲೊಂದು ಹಾಡು ಹೆಕ್ಕಿ ಕಟ್ಟಿದ ಹಿಟ್ಸ್ ಸಂಕಲನ ಬೇಡ.

ಯಾಕೆ? ಅವರ ಒಳ್ಳೆಯ ಕ್ಯಾಸೆಟ್ ಅಂದರೆ ಒಬ್ಬ ಕವಿಯ ಮನೆ ಇದ್ದ ಹಾಗೆ. ಒಂದೇ ಕಿಟಕಿಯಿಂದ ಇಣುಕಿ ಬಂದರೆ ಮನೆ ನೋಡಿದ ಹಾಗಾಗುತ್ತದಾ?

ಸ್ವಲ್ಪ ಹಿಂದಕ್ಕೆ ಹೋಗೋಣ. ಹಿಂದಿನ ತಲೆಮಾರಿನ ಗಾಯಕ ಪಿ. ಕಾಳಿಂಗರಾಯರ ಕಾಲದಲ್ಲಿ ಭಾವಗೀತೆ, ಅಂದರೆ ರಾಗ ಹಾಕಿ ಹಾಡುವ ಕವಿತೆ, ಗ್ರಾಮಫೋನ್ ತಟ್ಟೆಯ ಮೇಲೆ ಬರುತ್ತಿತ್ತು. ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆ. ಒಂದು ಮುಖಕ್ಕೆ ಮೂರು, ಮೂರೂವರೆ ನಿಮಿಷ, ಅಷ್ಟೇ. ಆ ಕಡೆ ಒಂದು ಹಾಡು, ಈ ಕಡೆ ಒಂದು ಹಾಡು. ಅದರಲ್ಲಿ ಒಬ್ಬ ಕವಿಯನ್ನು ಪೂರ್ತಿ ಹೇಗೆ ಹಿಡಿಸುತ್ತೀರಿ? ಆಮೇಲೆ ಕ್ಯಾಸೆಟ್ ಬಂತು. ಒಂದು ಮಗ್ಗುಲಿಗೆ ಅರ್ಧ ಗಂಟೆ, ಎರಡೂ ಸೇರಿ ಒಂದು ಗಂಟೆ. ಬೆಲೆಯೂ ಕೈಗೆಟುಕುವಂಥದ್ದು. 1978ರಲ್ಲಿ ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' ಬಂತು. ಕನ್ನಡ ಭಾವಗೀತೆಯ ಮೊದಲ ಕ್ಯಾಸೆಟ್ ಅಂತ ಅದನ್ನೇ ಹೇಳುತ್ತಾರೆ. ಒಬ್ಬ ಕವಿ, ಒಂದು ಕ್ಯಾಸೆಟ್. ದಾರಿ ಬಿದ್ದಿದ್ದು ಹಾಗೆ.

ಆ ದಾರಿಯಲ್ಲಿ ದಾಪುಗಾಲು ಹಾಕಿದವರು ಅಶ್ವತ್ಥ್. ಹುಟ್ಟಿದ್ದು 1939ರಲ್ಲಿ, ಹಾಸನ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ. ದೇವಗಿರಿ ಶಂಕರ ಜೋಶಿಯವರ ಹತ್ತಿರ ಹಿಂದುಸ್ತಾನಿ ಕಲಿತವರು. ಹೊಟ್ಟೆಪಾಡಿಗೆ ಬೆಂಗಳೂರಿನಲ್ಲಿ ಟೆಲಿಫೋನ್ ತಯಾರಿಸುವ ಐಟಿಐ ಕಾರ್ಖಾನೆಯಲ್ಲಿ 27 ವರ್ಷ ಕೆಲಸ ಮಾಡಿದರು. ಕಾರ್ಖಾನೆ ಕೆಲಸ ಮಾಡಿಕೊಂಡೇ ಇಷ್ಟೆಲ್ಲ ಹಾಡು ಕಟ್ಟಿದರು ಅಂದರೆ ನನಗೆ ಈಗಲೂ ಆಶ್ಚರ್ಯ.

ಅವರ ಕ್ಯಾಸೆಟ್‌ಗಳಲ್ಲಿ ನನಗೆ ತೀರಾ ಹತ್ತಿರದ್ದು ಶಿಶುನಾಳ ಷರೀಫರದು. ಷರೀಫರು 1819ರಿಂದ 1889ರವರೆಗೆ ಬಾಳಿದವರು, ಈಗಿನ ಹಾವೇರಿ ಜಿಲ್ಲೆಯವರು. ಅವರ ಪದಗಳು, ಅಂದರೆ ತತ್ವದ ಹಾಡುಗಳು, ಆ ಸೀಮೆಯ ಭಜನೆ ಮೇಳದವರ ಬಾಯಲ್ಲಿ ಮೊದಲಿಂದಲೂ ಇದ್ದವು. ಆದರೆ ತುಮಕೂರು, ಮಂಡ್ಯ ಕಡೆಯ ನಮ್ಮಂಥವರ ಮನೆಯೊಳಕ್ಕೆ ಅವರನ್ನು ಕರೆತಂದಿದ್ದು ಅಶ್ವತ್ಥ್ ಮತ್ತು ಶಿವಮೊಗ್ಗ ಸುಬ್ಬಣ್ಣನವರ ಗಂಟಲು.

ಇಲ್ಲಿ ನಮ್ಮಜ್ಜಿಯ ವಿಷಯ ಹೇಳಲೇಬೇಕು.

ತಿಪಟೂರಿನ ಹತ್ತಿರ ನಮ್ಮದು ಹೆಂಚಿನ ಮನೆ. ನಮ್ಮ ಚಿಕ್ಕಪ್ಪ ಒಂದು ಟೂ-ಇನ್-ಒನ್ ತಂದಿದ್ದರು, ರೇಡಿಯೋ ಮತ್ತು ಟೇಪ್ ರೆಕಾರ್ಡರ್ ಎರಡೂ ಒಂದರಲ್ಲೇ ಇರುವಂಥದ್ದು. ಜೊತೆಗೆ ಷರೀಫರ ಕ್ಯಾಸೆಟ್. ಅಜ್ಜಿಗೆ ಓದು ಬರಹ ಇಲ್ಲ. ಕ್ಯಾಸೆಟ್ಟಿಗೆ ಎ ಸೈಡ್, ಬಿ ಸೈಡ್ ಅನ್ನೋದು ಅವರಿಗೆ ಬೇಡವಾಗಿತ್ತು. ಒಂದು ಕಡೆ ಮುಗಿದು ಬಟನ್ ಟಪ್ ಅಂತ ಮೇಲೆದ್ದ ತಕ್ಷಣ, "ಮಗಾ, ಅದಕ್ಕೆ ಮಗ್ಗುಲು ಬದಲಾಯಿಸೋ" ಅನ್ನುತ್ತಿದ್ದರು. ಮಲಗಿದ ಮಗುವಿಗೆ ಮಗ್ಗುಲು ಬದಲಾಯಿಸುವ ಹಾಗೆ.

ಒಂದು ಮಳೆಗಾಲ. ಹೆಂಚು ಸರಿದು ನಡುಮನೆಯಲ್ಲಿ ಎರಡು ಕಡೆ ಸೋರುತ್ತಿತ್ತು. ಅಜ್ಜಿ ಒಂದು ಕಡೆ ಹಿತ್ತಾಳೆ ಚೊಂಬು, ಇನ್ನೊಂದು ಕಡೆ ಅಲ್ಯೂಮಿನಿಯಂ ಬೋಗುಣಿ ಇಟ್ಟಿದ್ದರು. ಟೇಪಿನಲ್ಲಿ 'ಸೋರುತಿಹುದು ಮನೆಯ ಮಾಳಿಗಿ' ಶುರುವಾಯಿತು. ನಾವು ಹುಡುಗರೆಲ್ಲ ಬಿದ್ದು ಬಿದ್ದು ನಕ್ಕೆವು. ಅಜ್ಜಿ ನಗಲಿಲ್ಲ. ಅಶ್ವತ್ಥರು 'ಅಜ್ಞಾನದಿಂದ' ಅಂತ ದನಿ ಮೇಲಕ್ಕೆತ್ತಿ ಎಳೆದರು ನೋಡಿ, ಅಜ್ಜಿ ಬೋಗುಣಿ ಕಡೆ ನೋಡುತ್ತಾ, "ಇದು ಹೆಂಚಿನ ಮಾತಲ್ಲ ಕಣೋ, ಈ ಮೈಯ ಮಾತು" ಅಂದರು. ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಅದಕ್ಕೆ ಮುಂಚೆ ಷರೀಫರ ಬೇರೆ ಪದಗಳನ್ನು ಒಂದಾದ ಮೇಲೊಂದು ಕೇಳಿದ್ದರಲ್ಲ, ಅದರಿಂದಲೇ ಗೊತ್ತಾಗಿತ್ತು. ತಂಬೂರಿ ಅಂದರೆ ಬರೀ ತಂಬೂರಿ ಅಲ್ಲ, ಕೋಳಿ ಅಂದರೆ ಬರೀ ಕೋಳಿ ಅಲ್ಲ ಅಂತ ಹಿಂದಿನ ಹಾಡು ಮುಂದಿನ ಹಾಡಿಗೆ ಪಾಠ ಹೇಳಿಕೊಟ್ಟಿತ್ತು.

ಕೆಲವು ತಿಂಗಳಲ್ಲೇ ಅವರಿಗೆ ಕ್ಯಾಸೆಟ್ಟಿನ ಸಾಲುಸರದಿ ಬಾಯಿಪಾಠವಾಯಿತು. ಒಂದು ಹಾಡು ಮುಗಿದು ಸುಯ್ ಅನ್ನುವ ಸದ್ದು ಬರುತ್ತದಲ್ಲ, ಆ ಎರಡು ಕ್ಷಣದಲ್ಲಿ ಮುಂದಿನ ಹಾಡಿನ ಮೊದಲ ಪದ ಅಜ್ಜಿಯ ಬಾಯಿಂದ ಬಂದುಬಿಡುತ್ತಿತ್ತು. ಒಂದು ದಿನ ಟೇಪು ರೋಲರ್‌ಗೆ ಸುತ್ತಿಕೊಂಡು ಮುದ್ದೆಯಾಯಿತು. ನಾನು ಎಳೆದೆ, ಕಿತ್ತೇ ಹೋಯಿತು. ಸುಕ್ಕಾದ ತುಂಡು ಕತ್ತರಿಸಿ, ಸೆಲ್ಲೋಟೇಪ್ ಅಂಟಿಸಿ, ಪೆನ್ಸಿಲ್ ತೂರಿಸಿ ಸುತ್ತಿದೆ. ಆಮೇಲೆ ಒಂದು ಸಾಲು ಅರ್ಧಕ್ಕೇ ಜಿಗಿಯುತ್ತಿತ್ತು. ಅಜ್ಜಿ ಪ್ರತಿ ಸಲವೂ ಆ ಬಿಟ್ಟುಹೋದ ಪದವನ್ನು ತಾವೇ ತುಂಬುತ್ತಿದ್ದರು.

ಎಷ್ಟೋ ವರ್ಷದ ಮೇಲೆ ನಾನೊಂದು ಸಿಡಿ ಕೊಂಡೆ. ಅಶ್ವತ್ಥರ ಒಳ್ಳೊಳ್ಳೆ ಹಾಡುಗಳ ಸಂಕಲನ ಅಂತ ಮೇಲೆ ಬರೆದಿತ್ತು. ಷರೀಫರ ಪದ ಮುಗಿದ ತಕ್ಷಣ ಒಂದು ಪ್ರೇಮಗೀತೆ ಶುರು! ಅದೂ ಒಳ್ಳೆಯ ಹಾಡೇ, ಇಲ್ಲ ಅನ್ನುವುದಿಲ್ಲ. ಆದರೆ ಅನ್ನ ಸಾರು ಕಲಸಿದ ಕೈಗೆ ಯಾರೋ ಪಾಯಸ ಸುರಿದ ಹಾಗಾಯಿತು. ಸಿಡಿ ಹಾಳೆ ತಿರುಗಿಸಿ ನೋಡಿದರೆ ಕವಿಯ ಹೆಸರೇ ಇಲ್ಲ. ಗಾಯಕರ ಫೋಟೋ ಇದೆ, ಹಾಡಿನ ನಂಬರ್ ಇದೆ. ಬರೆದವರು ಯಾರು? ಇಲ್ಲ. ನನಗೆ ಅವತ್ತು ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಅಶ್ವತ್ಥರು ಹಾಡುವಾಗ ಒಂದೊಂದು ಅಕ್ಷರಕ್ಕೂ ಒತ್ತು ಕೊಟ್ಟು, ಕವಿಯ ಮಾತು ಕಿವಿಗೆ ಬೀಳಲಿ ಅಂತ ಗಂಟಲು ಹರಿಯುವ ಹಾಗೆ ಹಾಡುತ್ತಿದ್ದರು. ಅವರ ಸಂಕಲನದಲ್ಲೇ ಕವಿಯನ್ನು ಅಳಿಸಿಬಿಟ್ಟರೆ ಹೇಗೆ?

ನನಗೆ ಕೊಟ್ಟ ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ. 'ಮೈಸೂರು ಮಲ್ಲಿಗೆ' ಕೇಳಿ. ಕೆ.ಎಸ್. ನರಸಿಂಹಸ್ವಾಮಿಯವರ ಆ ಪುಸ್ತಕ ಬಂದಿದ್ದು 1942ರಲ್ಲಿ. ಗಂಡ ಹೆಂಡತಿಯ ಪ್ರೀತಿ, ತವರುಮನೆ, ಬಳೆಗಾರ, ಎಲ್ಲ ಒಂದೇ ಸಂಸಾರದ ಕಥೆಯ ಹಾಗೆ ಸಾಗುತ್ತದೆ. ಅಶ್ವತ್ಥರ ಬಳಗದಲ್ಲಿ ರತ್ನಮಾಲಾ ಪ್ರಕಾಶ್ ಅವರ ದನಿ ಕೇಳಿದರೆ ಆ ಸಂಸಾರದ ಹೆಣ್ಣುಮಗಳೇ ಎದುರಿಗೆ ಬಂದು ನಿಂತ ಹಾಗಿರುತ್ತದೆ. ಮುಂದೆ ಟಿ.ಎಸ್. ನಾಗಾಭರಣ ಅವರು ಷರೀಫರ ಮೇಲೆ 1990ರಲ್ಲಿ, 'ಮೈಸೂರು ಮಲ್ಲಿಗೆ' ಹೆಸರಲ್ಲಿ 1992ರಲ್ಲಿ ಸಿನಿಮಾ ಮಾಡಿದರು. ಎರಡಕ್ಕೂ ಅಶ್ವತ್ಥರದೇ ಸಂಗೀತ. ಕುವೆಂಪು, ಬೇಂದ್ರೆ ಅವರ ಗೀತೆಗಳೂ ಇವೆ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ 'ಕನ್ನಡವೇ ಸತ್ಯ' ಅನ್ನುವ ಗಾಯನ ಕಾರ್ಯಕ್ರಮ ನಡೆಸಿದರಲ್ಲ, ಅವತ್ತು ಸೇರಿದ ಜನಸಾಗರ ಬಂದಿದ್ದು ಕವಿತೆ ಕೇಳೋದಕ್ಕೆ. 2009ರ ಡಿಸೆಂಬರ್ 29ಕ್ಕೆ ಅವರು ತೀರಿಕೊಂಡರು. ಅವತ್ತು ಅವರ 70ನೇ ಹುಟ್ಟುಹಬ್ಬ.

ಈಗ ನಿಮ್ಮ ಮೊಬೈಲಿನಲ್ಲೇ ಎಲ್ಲ ಸಿಗುತ್ತದೆ. ಹುಡುಕುವಾಗ ಸುಮ್ನೆ ಅಶ್ವತ್ಥ್ ಹಿಟ್ಸ್ ಅಂತ ಹಾಕಬೇಡಿ. ಅಶ್ವತ್ಥ್ ಅಂತ ಬರೆದು, ಪಕ್ಕದಲ್ಲಿ ಕವಿಯ ಹೆಸರು ಹಾಕಿ. ಷರೀಫ ಅಂತ ಹಾಕಿ. ನರಸಿಂಹಸ್ವಾಮಿ ಅಂತ ಹಾಕಿ. ಸಿಕ್ಕ ಆಲ್ಬಮ್ಮನ್ನು ಮೊದಲಿಂದ ಕೊನೆವರೆಗೆ, ನಡುವೆ ಹಾರಿಸದೆ ಕೇಳಿ. ಅರ್ಧ ಗಂಟೆ ಆದ ಮೇಲೆ ಎದ್ದು ನೀರು ಕುಡಿದು ಬನ್ನಿ. ಆ ಹೊತ್ತಿಗೆ ನಮ್ಮಜ್ಜಿ ಮಗ್ಗುಲು ಬದಲಾಯಿಸು ಅನ್ನುತ್ತಿದ್ದರು.

ನಮಸ್ಕಾರ.