ಮೊದಲ ದನಿ ಅಳೀರಿ, ಆಮ್ಯಾಲ ಹಾಡು ಆರಸ್ರಿ

ನಮಸ್ಕಾರ್ರೀ ಎಲ್ಲಾರಿಗೂ. ಇವತ್ತ ಪೀಠಿಕಿ ಇಲ್ಲ, ಸೀದಾ ಕಾಮೆಂಟಿಗೆ ಬರೂಣು. ಹೋದ ಸಂಚಿಕೆ ಕೆಳಗ ಒಬ್ರು ಬರದಾರ: "ಆರನೇತ್ತಾ, ಏಳನೇತ್ತಾ ಹುಡುಗೂರ ಸಮೂಹ ಗಾಯನಕ್ಕ ಇಷ್ಟ್ಯಾಕ್ರಿ ತಲಿ ಕೆಡಿಸ್ಕೋತೀರಿ? ಹಿಟ್ ಆದ ಸಿನಿಮಾ ಹಾಡಿನ ಟ್ರ್ಯಾಕ್ ಹಚ್ರಿ, ತಾವ ಖುಷೀಲೆ ಹಾಡ್ತಾವ."

ಹಾಡೂದಿಲ್ರಿ ಸಾಹೇಬ್ರ, ಒದರ್ತಾವ. ಪಲ್ಲವಿ ಮೊದಲ ಸಾಲು ಒದರ್ತಾವ, ಚರಣ ಬಂದ ಕೂಡ್ಲೆ ಹಿಂದಿನ ಸಾಲಿನವರು ಒಬ್ರ ಮಾರಿ ಒಬ್ರು ನೋಡಿ ನಗ್ತಾವ. ಮಾಸ್ತರು "ಯಾಕ್ರೋ, ಹಾಡು ಸೇರಲಿಲ್ಲೇನು?" ಅಂತಾರ. ಹಾಡು ಸೇರೇತ್ರಿ. ಸುರ ಮುಟ್ಟವಲ್ದು. ದನಿ ಮುಟ್ಟದ ಹಾಡು ಯಾವ ಹುಡುಗನಿಗೂ ಸೇರೂದಿಲ್ಲ, ಯಾಕಂದ್ರ ಆ ವಯಸ್ಸಿನ್ಯಾಗ ಮಂದಿ ಮುಂದ ದನಿ ಒಡದ್ರ ಮಾನ ಹೋದಂಗ. ಅದಕ್ಕ ನಂದು ಒಂದ ಮಾತು: ಮೊದಲ ದನಿ ಅಳೀರಿ, ಆಮ್ಯಾಲ ಹಾಡು ಆರಸ್ರಿ.

ಯೂನಿಫಾರ್ಮ್ ಹೊಲಸೂ ಮುಂದ ಟೇಪ್ ಹಿಡದು ಒಬ್ಬೊಬ್ಬರ ಅಳತಿ ತಗೋತೀರಿಲ್ಲ? ಹಾಡಿಗೆ ಯಾಕ ಎಲ್ಲಾರಿಗೂ ಒಂದ ಸೈಜು?

ಅಳಿಯೂದು ಹೆಂಗ ಅಂತೀರಿ? ಒಂದ ಪಿರಿಯಡ್ ಸಾಕು. ಒಬ್ಬೊಬ್ರನ್ನ ಎಬ್ಬಿಸಿ ಎಲ್ಲಾರ ಮುಂದ ಹಾಡಸಬ್ಯಾಡ್ರಿ, ಹದಿಮೂರು ವರ್ಷದ ಹುಡುಗ ಬಾಯಿನ ಬಿಡೂದಿಲ್ಲ. ಐದೈದು ಮಂದಿ ಕರೀರಿ. ಪೇಟಿ (ಹಾರ್ಮೋನಿಯಂ) ಮ್ಯಾಲ ಒಂದ ಸಪ್ತಕದ ಮೊದಲ ಬಿಳಿ ಪಟ್ಟಿಗೆ ಬಿಳಿ ಒಂದು, ಮೊದಲ ಕರಿ ಪಟ್ಟಿಗೆ ಕರಿ ಒಂದು ಅಂತಾರ. ನಡುವಿನ ಸಪ್ತಕದ ಬಿಳಿ ಒಂದನ್ನ ಸಾ ಮಾಡ್ಕೋರಿ. ಕೀಬೋರ್ಡ್ ಇದ್ರ ಮಿಡಲ್ ಸಿ. ಸಾ ರೆ ಗ ಮ ಪ, ಪ ಮ ಗ ರೆ ಸಾ. ಅಷ್ಟ. ಆಮ್ಯಾಲ ಒಂದೊಂದ ಪಟ್ಟಿ ಏರಿಸ್ಕೋತ ಹೋಗ್ರಿ. ಗದ್ದ ಮ್ಯಾಲೆದ್ದು, ಹುಬ್ಬು ಗಂಟಾಗಿ, ಕುತ್ತಿಗಿ ನರ ಕಂಡ್ರ ನಿಲ್ಲಸ್ರಿ. ಅದರ ಹಿಂದಿನ ಸುರ ಅವರ ಮ್ಯಾಲಿನ ಗಡಿ. ಮತ್ತ ಕೆಳಗ ಇಳೀರಿ. ದನಿ ಹೋಗಿ ಬರೇ ಗಾಳಿ ಬಂದ್ರ ಅದು ಕೆಳಗಿನ ಗಡಿ. ಡಬಲ್ ರೀಡ್ ಪೇಟಿ ಇದ್ರ ಖರ್ಜದ (ಕೆಳಗಿನ ಸಪ್ತಕದ) ಸೂರ ಮುಚ್ಚಿ ಒಂದ ಸೂರ ಬಿಡ್ರಿ. ಎರಡೂ ಸಪ್ತಕ ಕೂಡಿ ಬಾರಿಸಿದ್ರ ಯಾವುದಕ್ಕ ದನಿ ಕೂಡಸಬೇಕು ಅಂತ ಹುಡುಗೂರಿಗೆ ತಿಳಿಯೂದಿಲ್ಲ, ಅರ್ಧ ಮಂದಿ ಗುಟರ್ ಹಾಕ್ತಾವ. ಗಂಡಸು ಮಾಸ್ತರು ತಮ್ಮ ದನೀಲೆ ಸುರ ಕೊಟ್ರೂ ಇದ ಪಜೀತಿ.

ಅಳದ ಮ್ಯಾಲ ಹುಡುಗೂರ ಹೆಸರಿನ ಮೂರು ಪಟ್ಟಿ ಬರೀರಿ. ಮೊದಲನೇದ್ರಾಗ ಹೆಣ್ಣುಹುಡುಗೂರು ಮತ್ತ ಇನ್ನೂ ದನಿ ಒಡೀದ ಗಂಡುಹುಡುಗೂರು. ಇವರಿಗೆ ಬಿಳಿ ಒಂದರಿಂದ ಮ್ಯಾಲಿನ ಸಪ್ತಕದ ಬಿಳಿ ಎರಡರ ಮಟಾ ಆರಾಮ. ಎರಡನೇದ್ರಾಗ ದನಿ ಒಡಿಯಾಕ ಹತ್ತಿದವರು. ಇವರ ಧ್ವನಿತಂತು ಉದ್ದ ಆಗಾಕ, ದಪ್ಪ ಆಗಾಕ ಹತ್ತಿರ್ತಾವ, ಹಿಡಿತ ಇನ್ನೂ ಬಂದಿರೂದಿಲ್ಲ. ಕೆಳಗಿನ ಸಪ್ತಕದ ಬಿಳಿ ಐದರಿಂದ ನಡುವಿನ ಬಿಳಿ ಮೂರರ ಆಸುಪಾಸು, ಅಷ್ಟ ಇವರ ಆಸ್ತಿ. ಮೂರನೇದ್ರಾಗ ಆಗಲೇ ಗಂಡಸಿನ ದನಿ ಬಂದವರು. ಎಂಟನೇತ್ತಾದಾಗ ಇಂಥಾವರು ಇದ್ದ ಇರ್ತಾರ. ಅಮೆರಿಕದ ಜಾನ್ ಕುಕ್ಸಿ ಅನ್ನೂ ಸಂಗೀತ ಶಿಕ್ಷಕರು 1977–78ರಾಗ ಇದರ ಮ್ಯಾಲ ಲೇಖನಮಾಲೆನ ಬರದ್ರು: ಗಂಡುಹುಡುಗೂರ ದನಿ ಒಮ್ಮೆಲೆ ಒಡಿಯೂದಿಲ್ಲ, ಹಂತ ಹಂತವಾಗಿ ಇಳೀತೈತಿ, ಆ ಹಂತ ನೋಡಿ ಹಾಡು ಕೊಡ್ರಿ ಅಂತ. ನಮ್ಮಲ್ಲೆ ಹಂತ ನೋಡೂದು ಹಾಳಾಗಿ ಹೋಗ್ಲಿ, ಹಾರ್ಮೋನಿಯಂ ಇದ್ದ ಕೋಣಿ ಕೀಲಿನ ಸಿಗೂದಿಲ್ಲ.

ಇದನ್ನೆಲ್ಲಾ ಒಂದ ಪುಟದ ಚಾರ್ಟ್ ಮಾಡಿ ಕೆಳಗ ಡಿಸ್ಕ್ರಿಪ್ಷನ್‌ನಾಗ ಇಟ್ಟೇವಿ. ಪುಕ್ಕಟೆ. ಇಳಿಸ್ಕೋರಿ, ಸಬ್‌ಸ್ಕ್ರೈಬ್ ಆಗ್ರಿ. ಈ ಸಂಚಿಕೆಗೆ ಪ್ರಾಯೋಜಕರು ಯಾರೂ ಇಲ್ಲ. ಬೆಳಗಾವ್ಯಾಗ ಕುಂದಾ ಅಂಗಡಿಯವರು ಯಾರರ ನೋಡಾಕ ಹತ್ತಿದ್ರ ನಮ್ಮ ಇನ್‌ಬಾಕ್ಸ್ ತೆರದ ಐತಿ.

ಈಗ ಲೆಕ್ಕ ಹಾಕೂಣು. ದಿನಾ ಹಾಡೂ ರಾಷ್ಟ್ರಗೀತೆನ ತಗೋರಿ, 52 ಸೆಕೆಂಡಿಂದು. ಅದರ ತಳಾ ಮಂದ್ರ ನಿಷಾದ (ಕೆಳಗಿನ ಸಪ್ತಕದ ನಿ), "ಭಾಗ್ಯವಿಧಾತಾ" ಅನ್ನೂ ಮುಂದ ಬರ್ತೈತಿ. ತುದಿ ತಾರ ಷಡ್ಜ (ಮ್ಯಾಲಿನ ಸಪ್ತಕದ ಸಾ), "ಜಯ ಹೇ" ಅನ್ನೂ ಮುಂದ. ಅಂದ್ರ ಒಂದು ಸಪ್ತಕಕ್ಕಿಂತ ಒಂಚೂರು ಜಾಸ್ತಿ. ಕರಿ ಒಂದರ ಮ್ಯಾಲ ಸಾ ಇಟ್ರ ತಳಾ ಬಿಳಿ ಒಂದಕ್ಕ ಬರ್ತೈತಿ, ತುದಿ ಮ್ಯಾಲಿನ ಕರಿ ಒಂದಕ್ಕ. ನಮ್ಮ ಮೊದಲನೇ ಪಟ್ಟಿಯವರಿಗೆ ಹೇಳಿ ಮಾಡಿಸಿದಂಗ. ಆದ್ರ ಪ್ರಾರ್ಥನಾ ವ್ಯಾಳ್ಯಾದಾಗ ಯಾರೋ ಒಬ್ಬಾಕಿ ಹುರುಪೀಲೆ ಬಿಳಿ ನಾಲ್ಕಕ್ಕ ಸುರು ಮಾಡ್ತಾಳ. "ಜಯ ಹೇ" ಬರೂದ್ರಾಗ ಅರ್ಧ ಸಾಲಿ ಕೆಳಗಿನ ಸಪ್ತಕಕ್ಕ ಜಿಗೀತೈತಿ, ಇನ್ನರ್ಧ ಚೀರ್ತೈತಿ, ಪಿಟಿ ಮಾಸ್ತರು ಕಣ್ಣು ಕೆಂಪ ಮಾಡ್ತಾರ. ಆ ಹುಡುಗಿದೂ ತಪ್ಪಲ್ಲ, ಹಾಡಿಂದೂ ಅಲ್ಲ. ಸುರ ಕೊಡಾಕ ಯಾರೂ ಇರಲಿಲ್ಲ, ಅಷ್ಟ.

ಸಿನಿಮಾ ಹಾಡಿಗೆ ಇದ ಲೆಕ್ಕ ಹಚ್ರಿ. ಗಂಡಸು ಗಾಯಕರು ಹಾಡಿದ್ದು ಒಂದೂವರೆ ಸಪ್ತಕ ಓಡಾಡೂದು ಮಾಮೂಲು. ಹುಡುಗೂರು ಅವರ ಸ್ಥಾಯಿಯಾಗ ಹಾಡಿದ್ರ ಪಲ್ಲವಿ ತಳಾ ಸಿಗೂದಿಲ್ಲ, ಒಂದ ಸಪ್ತಕ ಏರಿಸಿದ್ರ ಚರಣದ ತುದಿ ಸಿಗೂದಿಲ್ಲ. ಎರಡೂ ಕಡೆ ಬಾಗಲಾ ಬಂದ್. ಆ್ಯಪಿನಾಗ ಟ್ರ್ಯಾಕಿನ ಪಿಚ್ ಬದಲಿ ಮಾಡ್ತೇವಿ ಅಂತೀರಿ? ಎರಡ್ಮೂರು ಪಟ್ಟಿ ನಡೀತೈತಿ. ಅದರ ಮ್ಯಾಲ ಹೋದ್ರ ತಬಲಾ ಡಬ್ಬಿ ಬಡದಂಗ ಕೇಳ್ತೈತಿ. ಮತ್ತ ಪಿಚ್ ಬದಲಿ ಮಾಡಿದ್ರ ಹಾಡಿನ ಅಗಲ ಕಡಿಮಿ ಆಗ್ತೈತೇನ್ರಿ? ಒಂದೂವರೆ ಸಪ್ತಕ ಒಂದೂವರೆನ. ಅದಕ್ಕ ಅನ್ನೂದು, ಮೊದಲ ದನಿ ಅಳೀರಿ!

ಕೆಲವರದು ಇನ್ನೊಂದು ವಾದ. "ನಮ್ಮ ಸುಳೇಭಾವಿಯ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು ಸಣ್ಣ ಹುಡುಗ ಇದ್ದಾಗನ ದೊಡ್ಡ ದೊಡ್ಡ ಕಚೇರ್ಯಾಗ ಹಾಡಿದ್ರು, ನಮ್ಮ ಹುಡುಗೂರು ಯಾಕ ಹಾಡಬಾರ್ದು?" ಹಾಡಿದ್ರು, ಖರೆ. ನಿಮ್ಮ ಏಳನೇತ್ತಾ ಬಿ ಸೆಕ್ಷನ್ನಿನ್ಯಾಗ ನಲವತ್ತು ಮಂದಿ ಕುಮಾರ ಗಂಧರ್ವರು ಬೆಂಚ್ ಹಂಚ್ಕೊಂಡು ಕುಂತಾರೇನ್ರಿ?

ಹಂಗಾದ್ರ ಯಾವ ಹಾಡು? ನಮ್ಮ ಭಾಗದ ಗೀಗೀ ಪದಾ ಸ್ವಲ್ಪ ಕಿವಿಗೊಟ್ಟು ಕೇಳ್ರಿ. ಮುಂದಿನವರು ಕಥಿ ಹೇಳ್ತಾರ, ಹಿಮ್ಮೇಳದವರು "ಗೀಯ ಗಾ ಗೀಯ ಗಾ" ಅಂತ ಸೊಲ್ಲು ಹಿಡೀತಾರ. ಕೈಯಾಗ ದಪ್ಪು (ಬಡಿಯೂ ವಾದ್ಯ), ತುಂತುಣಿ (ಒಂದ ತಂತಿಯ ವಾದ್ಯ), ತಾಳ. ದನಿ ಒಡದ ಹುಡುಗೂರನ್ನ ಎಲ್ಲೆ ನಿಲ್ಲಸೂದು ಅನ್ನೂದಕ್ಕ ಉತ್ತರ ಇದರೊಳಗ ಐತಿ. ಹಿಮ್ಮೇಳದ ಸೊಲ್ಲು ನಾಕೈದು ಸುರದ ಒಳಗ ಕುಂದರಸಬೌದು. ಸಾ ಅನ್ನ ಬಿಳಿ ಒಂದಕ್ಕ ಇಟ್ರ ಎರಡನೇ ಪಟ್ಟಿಯವರ ಅಳತಿಗೆ ಸರಿ ಬರ್ತೈತಿ. ಮೂರನೇ ಪಟ್ಟಿಯವರು ಅದನ್ನ ಒಂದು ಸಪ್ತಕ ಕೆಳಗ ಹಿಡೀಲಿ. ದಪ್ಪು ಒಬ್ಬನ ಕೈಯಾಗ ಕೊಡ್ರಿ, ಅವನ ಮಾರಿ ನೋಡ್ರಿ. ಲಯ ಮಾತ್ರ ಹುಷಾರು. ಚಪ್ಪಾಳಿ ಹೊಡಕೋತ ಹಾಡಿಸಿದ್ರ ಈ ವಯಸ್ಸಿನವರು ಓಡಾಕ ಸುರು ಮಾಡ್ತಾವ. ಮೊದಲ ವಾರ ಬರೇ ಕಾಲಿನ ಹೆಜ್ಜಿ ಸಾಕು.

ಮೂರು ಸಾಲಿನ ತ್ರಿಪದಿನೂ ಹಂಗ. ವಿಜಯಪುರ ಜಿಲ್ಲಾದ ಹಲಸಂಗಿ ಗೆಳೆಯರು ಅನ್ನೂ ಸಾಹಿತಿಗಳ ಬಳಗದವರು ಹಳ್ಳಿ ಹೆಣ್ಣುಮಕ್ಕಳ ಬಾಯಿಂದ ಬರಕೊಂಡ ಬೀಸುಕಲ್ಲಿನ ಪದಗಳು ಅವ. ಹೆಚ್ಚಿನ ಧಾಟಿ ಐದಾರು ಸುರದಾಗ ಮುಗೀತಾವ, ಒಂದ ಸಾಲಿಗೆ ಒಂದ ಉಸುರು. ಎರಡನೇ ಸಾಲಿನ ಭಾಗ ತಿರುಗಿ ಹೇಳೂ ಪದ್ಧತಿ ಮೊದಲ ಐತಿ, ಅದನ್ನ ಎರಡನೇ ಗುಂಪಿಗೆ ಕೊಡ್ರಿ, ಸವಾಲ್-ಜವಾಬ್ ಆತು. ಆಮ್ಯಾಲ ಒಂದು ಗುಂಪಿಗೆ ಬರೇ ಸಾ, ಇನ್ನೊಂದಕ್ಕ ಮಂದ್ರ ಪ ಹಿಡಸ್ರಿ, ಉಳದವರು ಹಾಡ್ಲಿ. ತಂಬೂರಿ ಇಲ್ಲದನ ತಂಬೂರಿ. ಎರಡು ದನಿ ಕೂಡಿಸಿ ಹಾಡಿಸೂದಕ್ಕ ಇದಕ್ಕಿಂತ ಸರಳ ಹಾದಿ ಇಲ್ಲ.

ವಚನಾ? ಆರಸ್ರಿ, ಆದ್ರ ನೋಡಿ ಆರಸ್ರಿ. ವಚನದ ಸಾಲು ಒಂದು ಗೇಣು, ಇನ್ನೊಂದು ಮಾರು. ನಲವತ್ತು ಮಂದಿ ನಲವತ್ತು ಕಡೆ ಉಸುರು ತಗೋತಾರ. ಸಣ್ಣ ಸಾಲಿಂದು ಹುಡುಕಿ, ಉಸುರು ಎಲ್ಲೆ ಅಂತ ಪೆನ್ಸಿಲ್ಲಿಲೆ ಗೀಟು ಹಾಕ್ರಿ. ಕೊನೀಗೆ "ಕೂಡಲಸಂಗಮದೇವಾ" ಅಂತ ತಾರ ಪಂಚಮಕ್ಕ ಏರಿಸಿ ತಾನ ಹೊಡಿಯೂದು ಬ್ಯಾಡ್ರಿ. ಬಸವಣ್ಣ ತಪ್ಪು ತಿಳ್ಕೊಳ್ಳೂದಿಲ್ಲ.

ಸಾಹಿತ್ಯದ್ದು ಎರಡ ಮಾತು. ಚಿಲಿಪಿಲಿ ಹಕ್ಕಿ ಹಾಡು ಕೊಟ್ರ ಎಂಟನೇತ್ತಾದವರು ನಾವೇನು ಅಂಗನವಾಡಿಯೇನು ಅಂತಾರ. ಪ್ರೇಮದ ಹಾಡು ಕೊಟ್ರ ಮುಸುಮುಸು ನಕ್ಕೋತ ಕುಂದರ್ತಾರ. ತಮಾಷಿ, ಕಥಿ, ಜಗಳ, ಒಗಟು ಇರೂ ಹಾಡು ಕೊಡ್ರಿ. ಎರಡು ಚರಣ ಸಾಕು.

ಮೂರನೇ ಕಾರಣ... ಸ್ಕ್ರಿಪ್ಟಿನ್ಯಾಗ ಮೂರನೇ ಕಾರಣ ಅಂತ ಬರದೈತಿ, ಬಿಡ್ರಿ ಅತ್ಲಾಗ. ನನಗ ಸಿಟ್ಟು ಬರೂದು ಬ್ಯಾರೆನ ಐತಿ. ಗ್ಯಾದರಿಂಗ್ (ಸಾಲಿ ವಾರ್ಷಿಕೋತ್ಸವ) ಮುಂದ ದನಿ ಒಡದ ಹುಡುಗಗ "ನೀ ಬರೇ ಬಾಯಿ ಆಡಸು, ದನಿ ತಗೀಬ್ಯಾಡ" ಅಂತಾರ ನೋಡ್ರಿ, ಅದು. ಏನ್ರೀ ಅದು? ಅವನ ಗಂಟಲು ಬೆಳ್ಯಾಕ ಹತ್ತಿದ್ದು ಅವನ ಅಪರಾಧ ಏನು? ನೀವು ಆರಿಸಿದ ಹಾಡಿನ್ಯಾಗ ಅವನಿಗೆ ಒಂದ ಸುರ ಇಲ್ಲ ಅಂದ್ರ ಅವನ್ನ ಬಾಯಿ ಮುಚ್ಚಸೂದಲ್ಲ, ಹಾಡು ಬದಲಿ ಮಾಡೂದು! ಹಾಡು ಸಾವಿರ ಅದಾವ. "ಟೈಮ್ ಇಲ್ರಿ" ಅಂತೀರಿ. ಡ್ರೆಸ್ ಬಾಡಿಗಿ ತರಾಕ ಟೈಮ್ ಐತಿ, ಬ್ಯಾನರ್ ಮ್ಯಾಲ ಯಾರ ಫೋಟೋ ದೊಡ್ಡದು ಅಂತ ಮೀಟಿಂಗ್ ಮಾಡಾಕ ಟೈಮ್ ಐತಿ, ಅಳಿಯಾಕ ಇಲ್ಲ! ಅಳೀರಿ ಅಂದ್ರ ಅಳೀರಿ, ಮತ್ತ ಹೇಳೂದಿಲ್ಲ. ಹೇಳ್ತೇನಿ, ಮುಂದಿನ ಸಂಚಿಕ್ಯಾಗೂ ಹೇಳ್ತೇನಿ.

ಕೆಳಗ ಈಗ ಯಾರೋ "ಮೊದಲ ನೀವ ಒಂದು ಹಾಡಿ ತೋರಸ್ರಿ" ಅಂತ ಬರೀತಾರ. ಬರೀರಿ, ಕಾಮೆಂಟ್ ಜಾಸ್ತಿ ಆದ್ರ ನಮಗ ಚಲೋನ. ಮುಂದಿನ ವಾರ ಮೈಕಿನ ಸುದ್ದಿ: ನಲವತ್ತು ಹುಡುಗೂರ ನಡುವ ಒಂದ ಮೈಕ್, ಅದೂ ನಿರೂಪಣಾ ಮಾಡೂ ಅಕ್ಕೋರ ಕೈಯಾಗ. ಬೆಲ್ ಗುಂಡಿ ಒತ್ರಿ. ಬರ್ತೇನ್ರಿ.