ಮುಂದಿನ ನಿಲ್ದಾಣ ಹಲಸೂರು: ಅಪರ್ಣಾ ಅವರ ಮಾತಿನ ಬಗ್ಗೆ

ಎಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ಟಿವಿ ವಾರ್ತೆ ಓದಬೇಕು, ಆ್ಯಂಕರ್ ಆಗಬೇಕು ಅಂತ ಆಸೆ ಇರುವವರು ಜಾಸ್ತಿ ಇದ್ದೀರಿ. ನಿರೂಪಣೆ ಬಗ್ಗೆ ಮಾತಾಡಿ ಅಂತ ಕರೆದಾಗ ನನಗೆ ಮೊದಲು ನೆನಪಾದವರು ನಿರೂಪಕಿ, ನಟಿ ಅಪರ್ಣಾ. ವಾರ್ತೆ ಓದುವವರಿಗೂ ಅವರ ಮಾತಿನಲ್ಲಿ ಕಲಿಯುವುದು ಬೇಕಾದಷ್ಟಿದೆ.

ಅವರು ಮೊದಲು ಕ್ಯಾಮೆರಾ ಮುಂದೆ ನಿಂತಿದ್ದು 'ಮಸಣದ ಹೂವು' ಚಿತ್ರಕ್ಕೆ. ಅದು ಪುಟ್ಟಣ್ಣ ಕಣಗಾಲರ ಕೊನೆಯ ಸಿನಿಮಾ. ಆದರೆ ಜನರ ಮನೆಯೊಳಗೆ ಬಂದಿದ್ದು ದೂರದರ್ಶನದ ಮೂಲಕ. ತೊಂಬತ್ತರ ದಶಕದಲ್ಲಿ ಚಂದನ ಹಾಕಿದರೆ ಅಪರ್ಣಾ ಕಾಣುತ್ತಿದ್ದರು. ಆಕಾಶವಾಣಿಯಲ್ಲೂ ಕೆಲಸ ಮಾಡಿದ್ದರು. ಸರ್ಕಾರಿ ಸಮಾರಂಭಗಳ ವೇದಿಕೆಯಲ್ಲಂತೂ ಅವರ ದನಿ ಇದ್ದೇ ಇರುತ್ತಿತ್ತು.

1998ರ ದೀಪಾವಳಿಗೆ ಅವರು ಸತತ ಎಂಟು ಗಂಟೆ ನಿರೂಪಣೆ ಮಾಡಿದ್ದರು. ಎಂಟು ಗಂಟೆ ಅಂದರೆ ಏನು, ಸ್ವಲ್ಪ ಯೋಚಿಸಿ. ಅರ್ಧ ಗಂಟೆಯ ಬುಲೆಟಿನ್ ಓದಿ ಎದ್ದವರಿಗೇ ಗಂಟಲು ಒಣಗಿರುತ್ತದೆ. ಹೊತ್ತು ಹೋದಂತೆ ಮೊದಲು ಸೋಲುವುದು ಉಸಿರು. ಉಸಿರು ಸೋತರೆ ವಾಕ್ಯದ ಕೊನೆ ನುಂಗಿ ಹೋಗುತ್ತದೆ. ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಗೇ ಅಲ್ವಾ? 'ಬಂದರು' ಅಂದರೋ 'ಬಾರರು' ಅಂದರೋ ಕೇಳುವವರಿಗೆ ಗೊತ್ತೇ ಆಗುವುದಿಲ್ಲ. ಅಪರ್ಣಾ ಅವರ ಹಳೆಯ ರೆಕಾರ್ಡಿಂಗ್ ಯಾವುದಾದರೂ ಹುಡುಕಿ ಕೇಳಿ. ವಾಕ್ಯದ ಕೊನೆಯ ಅಕ್ಷರ ಮೊದಲನೆಯದರಷ್ಟೇ ಸ್ಪಷ್ಟವಾಗಿರುತ್ತದೆ. ನನ್ನ ಮಟ್ಟಿಗೆ ಅವರ ದೊಡ್ಡ ಗುಣ ಇದೇ. ದನಿ ಇಂಪಾಗಿತ್ತು, ನಿಜ. ಆದರೆ ಇಂಪು ಹುಟ್ಟಿನಿಂದ ಬರಬಹುದು, ಈ ಶಿಸ್ತು ಬರುವುದಿಲ್ಲ.

ಹಕಾರ, ಮಹಾಪ್ರಾಣ, ಳ, ಣ, ಇವೆಲ್ಲ ಅವರ ಬಾಯಲ್ಲಿ ಸಲೀಸು. ಒತ್ತಿ ಒತ್ತಿ ಹೇಳಿ ತೋರಿಸಿಕೊಳ್ಳುತ್ತಿರಲಿಲ್ಲ. ಸುಮ್ನೆ ಮನೆಯಲ್ಲಿ ಮಾತಾಡಿದ ಹಾಗೆ ಇರುತ್ತಿತ್ತು. ಈಗಿನ ಕೆಲವು ಬುಲೆಟಿನ್‌ಗಳಲ್ಲಿ ಪ್ರತಿ ಸಾಲನ್ನೂ ಕೂಗಿ ಓದುತ್ತಾರೆ. ಅಪಘಾತವನ್ನೂ ಮಳೆಯನ್ನೂ ಒಂದೇ ಏರುದನಿಯಲ್ಲಿ ಓದಿದರೆ ಯಾವುದು ದೊಡ್ಡ ಸುದ್ದಿ ಅಂತ ಜನ ಹೇಗೆ ತಿಳಿಯಬೇಕು? ಇದು ನನಗೆ ನಿಜವಾಗಿ ನೋವಿನ ವಿಷಯ.

ಇನ್ನು 'ಮಜಾ ಟಾಕೀಸ್' ಅನ್ನುವ ಟಿವಿ ಹಾಸ್ಯ ಕಾರ್ಯಕ್ರಮದಲ್ಲಿ ಅವರು ಮಾಡಿದ ವರಲಕ್ಷ್ಮಿ ಪಾತ್ರ. 2015ರಲ್ಲಿ ಆ ಕಾರ್ಯಕ್ರಮ ಶುರುವಾದಾಗ ನನ್ನಂಥವರಿಗೆ ಆಶ್ಚರ್ಯವಾಗಿತ್ತು. ಅಷ್ಟು ಗಂಭೀರವಾಗಿ ವೇದಿಕೆ ನಡೆಸುವವರು ಇಲ್ಲಿ ಜನರನ್ನು ನಗಿಸುತ್ತಿದ್ದರು! ಆಮೇಲೆ ಗಮನಿಸಿ ನೋಡಿದೆ. ಆ ವೈಯಾರದ ಮಾತಿನಲ್ಲೂ ಒಂದು ಪದ ಕಳೆದುಹೋಗುತ್ತಿರಲಿಲ್ಲ. ನಗು ಬರಬೇಕಾದ ಜಾಗದಲ್ಲೇ ಬರುತ್ತಿತ್ತು. ಮಾತಿನ ಮೇಲೆ ಹಿಡಿತ ಇದ್ದವರು ಮಾತ್ರ ಹಾಗೆ ಸಡಿಲ ಬಿಡಬಲ್ಲರು.

2011ರ ಅಕ್ಟೋಬರ್ 20ರಂದು ನಮ್ಮ ಮೆಟ್ರೋ ಬೈಯಪ್ಪನಹಳ್ಳಿಯಿಂದ ಎಂಜಿ ರಸ್ತೆಗೆ ಓಡಲು ಶುರುವಾಯಿತು. ಕನ್ನಡದ ಘೋಷಣೆಗಳಿಗೆ ಅಪರ್ಣಾ ದನಿ ಕೊಟ್ಟಿದ್ದರು. ಆ ಹಾದಿಯಲ್ಲಿ ಹಲಸೂರು ಬರುತ್ತದೆ. ಬೋರ್ಡುಗಳಲ್ಲಿ, ಬಾಯಿಮಾತಿನಲ್ಲಿ ಅದು 'ಅಲ್ಸೂರು' ಆಗಿ ಎಷ್ಟೋ ಕಾಲವಾಗಿತ್ತು. ರೈಲಿನಲ್ಲಿ ಮಾತ್ರ 'ಹಲಸೂರು'. ಬೇರೆ ರಾಜ್ಯದಿಂದ ಬಂದು ಇಲ್ಲಿ ನೆಲೆಸಿದ ಎಷ್ಟೋ ಮಂದಿ ದಿನಾ ತಪ್ಪದೆ ಕೇಳಿದ ಕನ್ನಡ ಅಂದರೆ ಈ ಘೋಷಣೆಯೇ ಇರಬೇಕು. ಮೇಷ್ಟ್ರು ಇಲ್ಲ, ಪುಸ್ತಕ ಇಲ್ಲ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಸರಿಯಾದ ಕನ್ನಡ ಕಿವಿಗೆ ಬೀಳುತ್ತದೆ. ಭಾಷೆಗೆ ಇಷ್ಟು ಸದ್ದಿಲ್ಲದೆ ಕೆಲಸ ಮಾಡಿದವರು ಅಪರೂಪ.

2024ರ ಜುಲೈ 11ರಂದು ಅಪರ್ಣಾ ತೀರಿಕೊಂಡರು. 57 ವರ್ಷ. ಬಂದಿದ್ದು ಶ್ವಾಸಕೋಶದ ಕ್ಯಾನ್ಸರ್. ಉಸಿರನ್ನೇ ನಂಬಿ ಬದುಕಿದವರಿಗೆ ಆ ಕಾಯಿಲೆ. ಇದನ್ನು ಹೇಳುವಾಗ ಇವತ್ತಿಗೂ ನನಗೆ ಗಂಟಲು ಕಟ್ಟುತ್ತದೆ. ಸುಮಾರು ಎರಡು ವರ್ಷ ಅವರು ಅದರ ಜೊತೆ ಹೋರಾಡುತ್ತಿದ್ದರು ಅಂತ ಹೊರಗಿನ ಹೆಚ್ಚಿನವರಿಗೆ ಗೊತ್ತಾಗಿದ್ದು ಅವರು ಹೋದ ಮೇಲೆ.

ಮಾರನೇ ದಿನ ನಾನು ಮೆಟ್ರೋ ಹತ್ತಿದೆ. ಬಾಗಿಲು ಮುಚ್ಚಿತು. 'ಮುಂದಿನ ನಿಲ್ದಾಣ' ಅಂತ ಅದೇ ದನಿ ಬಂತು. ಎದುರಿಗೆ ಕೂತಿದ್ದ ಹೆಂಗಸೊಬ್ಬರು ಕೈಯಲ್ಲಿದ್ದ ಫೋನ್ ಕೆಳಗಿಳಿಸಿ, ತಲೆ ಎತ್ತಿ, ಆ ಘೋಷಣೆ ಮುಗಿಯುವವರೆಗೂ ಸ್ಪೀಕರ್ ಕಡೆಗೇ ನೋಡುತ್ತಿದ್ದರು.