ಒಂದೇ ಬಾಣಲೆ, ಆದರೆ ಒಂದೇ ಸಲ ಅಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ.

ಕೆಲಸ ಮುಗಿಸಿ ಬಂದ ಮೇಲೆ ಗಂಟೆಗಟ್ಟಲೆ ಒಲೆಯ ಮುಂದೆ ನಿಲ್ಲುವ ಹುಮ್ಮಸ್ಸು ಯಾರಿಗಿರುತ್ತದೆ ಹೇಳಿ? ಅಡುಗೆಯಾದರೂ ಹೇಗೋ ಆಗುತ್ತದೆ, ಆಮೇಲೆ ತೊಳೆಯಬೇಕಾದ ಪಾತ್ರೆಗಳ ರಾಶಿಯದ್ದೇ ಚಿಂತೆ. ಅದಕ್ಕೇ ಇವತ್ತು, ಒಂದೇ ಬಾಣಲೆಯಲ್ಲಿ ಚಿಕನ್ನು ತರಕಾರಿ ಎರಡನ್ನೂ ಬೇಯಿಸಿ, ಮುಕ್ಕಾಲು ಗಂಟೆಯೊಳಗೆ ಊಟಕ್ಕೆ ಕೂರುವ ವಿಚಾರ ಮಾತಾಡೋಣ.

ಒಂದೇ ಬಾಣಲೆ ಅಂದ ತಕ್ಷಣ ಎಲ್ಲವನ್ನೂ ಒಟ್ಟಿಗೆ ಸುರಿದು ಮುಚ್ಚಳ ಹಾಕಿಬಿಡುವವರೇ ಜಾಸ್ತಿ. ಏನಾಗುತ್ತದೆ? ಕ್ಯಾಪ್ಸಿಕಂ ಬೆಂದು ಮುದ್ದೆಯಾಗಿರುತ್ತದೆ, ಆಲೂಗಡ್ಡೆ ಹಲ್ಲಿಗೆ ಗಟ್ಟಿ ಸಿಗುತ್ತದೆ, ಚಿಕನ್ ಬಿಳಿಚಿಕೊಂಡು ನೀರಿನಲ್ಲಿ ತೇಲುತ್ತಿರುತ್ತದೆ. ಬಾಣಲೆ ಒಂದೇ ಇರಲಿ, ಸರದಿ ಮಾತ್ರ ಬೇರೆ ಬೇರೆ ಇರಬೇಕು.

ಮೂರು ನಾಲ್ಕು ಜನಕ್ಕೆ ಎಲುಬಿಲ್ಲದ ಚಿಕನ್ ಅರ್ಧ ಕಿಲೋ ಸಾಕು. ನನ್ನ ಮಾತು ಕೇಳಿದರೆ ತೊಡೆಯ ಭಾಗವನ್ನೇ ತನ್ನಿ. ಎದೆಯ ಭಾಗದಲ್ಲಿ ಕೊಬ್ಬು ಕಡಿಮೆ, ನಾಲ್ಕು ನಿಮಿಷ ಹೆಚ್ಚಾದರೆ ನಾರುನಾರಾಗುತ್ತದೆ. ತೊಡೆ ಹಾಗಲ್ಲ, ಸ್ವಲ್ಪ ಹೊತ್ತು ಮರೆತರೂ ಮೆತ್ತಗೇ ಇರುತ್ತದೆ. ಅವಸರದ ಅಡುಗೆಗೆ ಇಷ್ಟು ಸಡಿಲ ಬೇಕೇ ಬೇಕು.

ತಂದ ಚಿಕನ್ನನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯಬೇಡಿ. ಇದು ಕೆಲವರಿಗೆ ಇಷ್ಟವಾಗದ ಮಾತು ಅಂತ ಗೊತ್ತು. ಆದರೆ ಹಸಿ ಕೋಳಿಯಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪಿಲೊಬ್ಯಾಕ್ಟರ್‌ನಂಥ ಬ್ಯಾಕ್ಟೀರಿಯಾ ಇರಬಹುದು. ತೊಳೆದರೆ ಅವು ಹೋಗುವುದಿಲ್ಲ, ನೀರು ಸಿಡಿದು ಪಕ್ಕದ ತಟ್ಟೆಗೆ, ಹೆಚ್ಚಿಟ್ಟ ತರಕಾರಿಗೆ ಹಾರುತ್ತವೆ. ಅವನ್ನು ಕೊಲ್ಲುವುದು ಬೆಂಕಿಯೇ. ಮೊದಲು ತರಕಾರಿ ಹೆಚ್ಚಿ, ಆಮೇಲೆ ಅದೇ ಹಲಗೆಯ ಮೇಲೆ ಚಿಕನ್ ಹೆಚ್ಚಿ. ಹಲಗೆ ಎರಡು ಸಲ ತೊಳೆಯುವ ಕೆಲಸವೂ ತಪ್ಪುತ್ತದೆ.

ಚಿಕನ್ ತುಂಡುಗಳಿಗೆ ಒಂದು ಟೀ ಚಮಚ ಉಪ್ಪು, ಸ್ವಲ್ಪ ಕಾಳುಮೆಣಸಿನ ಪುಡಿ ಸವರಿ ಹತ್ತು ನಿಮಿಷ ಬಿಡಿ. ಉಪ್ಪು ಒಳಗಿನ ನೀರನ್ನು ಹೊರಗೆಳೆಯುತ್ತದೆ. ಆ ನೀರನ್ನು ಪೇಪರ್ ಟವಲ್‌ನಿಂದ ಒತ್ತಿ ಒರೆಸಿ. ಇದನ್ನು ಬಿಟ್ಟರೆ ಮುಂದಿನದ್ದೆಲ್ಲ ಕೆಡುತ್ತದೆ, ಯಾಕೆ ಅಂತ ಹೇಳುತ್ತೇನೆ.

ಮಾಂಸದ ಮೇಲೆ ಹೊಂಬಣ್ಣ ಬರುತ್ತದಲ್ಲ, ಮೂಗರಳಿಸುವ ಆ ಘಮ ಬರುತ್ತದಲ್ಲ, ಅದು ಪ್ರೋಟೀನು ಮತ್ತು ಸಕ್ಕರೆಯ ಅಂಶಗಳು ಬಿಸಿಗೆ ಬೆರೆತಾಗ ಹುಟ್ಟುವಂಥದ್ದು. ಫ್ರಾನ್ಸಿನ ಲೂಯಿ ಕಮಿಯ್ ಮಯಾರ್ ಎಂಬ ರಸಾಯನ ವಿಜ್ಞಾನಿ 1912ರಲ್ಲಿ ಇದನ್ನು ವಿವರಿಸಿದರು. ಇದು ಚುರುಕಾಗಿ ನಡೆಯಲು ಸುಮಾರು 140 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ನೀರೋ, 100 ಡಿಗ್ರಿಗೇ ಕುದಿಯುತ್ತದೆ. ತುಂಡಿನ ಮೇಲೆ ತೇವ ಇರುವ ತನಕ ಅಲ್ಲಿನ ಶಾಖ 100 ದಾಟುವುದೇ ಇಲ್ಲ. ಬಾಣಲೆ ತುಂಬಾ ಚಿಕನ್ ತುಂಬಿದರೂ ಇದೇ ಕಥೆ. ಒಂದರ ನೀರಲ್ಲಿ ಇನ್ನೊಂದು ಬೇಯುತ್ತದೆ, ಬಣ್ಣ ಮಾತ್ರ ಬರುವುದಿಲ್ಲ.

ಹಾಗಾಗಿ ಅಗಲವಾದ, ತಳ ದಪ್ಪಗಿರುವ ಬಾಣಲೆ ತೆಗೆದುಕೊಳ್ಳಿ. ಎರಡು ದೊಡ್ಡ ಚಮಚ ಎಣ್ಣೆ ಕಾಯಿಸಿ, ಒಂದಕ್ಕೊಂದು ತಾಗದ ಹಾಗೆ ತುಂಡುಗಳನ್ನು ಇಡಿ. ಹಿಡಿಸದಿದ್ದರೆ ಎರಡು ಸರದಿ ಮಾಡಿ. ಇಟ್ಟ ಮೇಲೆ ನಾಲ್ಕು ನಿಮಿಷ ಸುಮ್ನೆ ಬಿಡಿ. ಸಟ್ಟುಗ ಕೈಯಲ್ಲಿದ್ದರೆ ಕೆದಕಬೇಕು ಅನ್ನಿಸುತ್ತದೆ, ಅದನ್ನು ಪಕ್ಕಕ್ಕಿಟ್ಟುಬಿಡಿ. ಮೊದಮೊದಲು ಮಾಂಸ ತಳಕ್ಕೆ ಅಂಟಿಕೊಂಡಿರುತ್ತದೆ. ಬಣ್ಣ ಬಂದ ಮೇಲೆ ತಾನೇ ಬಿಡುತ್ತದೆ. ಆಗ ಮಗುಚಿ, ಇನ್ನೆರಡು ನಿಮಿಷ ಇಟ್ಟು ತಟ್ಟೆಗೆ ತೆಗೆಯಿರಿ. ಒಳಗೆ ಇನ್ನೂ ಬೆಂದಿರುವುದಿಲ್ಲ, ಚಿಂತೆ ಬೇಡ, ವಾಪಸ್ಸು ಬರುತ್ತದೆ.

ಈಗ ಬಾಣಲೆಯ ತಳ ನೋಡಿ. ಕಂದು ಬಣ್ಣದ ಕರೆ ಕಟ್ಟಿಕೊಂಡಿದೆ ಅಲ್ವಾ? ಸೀದು ಕಪ್ಪಾಗಿಲ್ಲದಿದ್ದರೆ ತೊಳೆಯಲು ಹೋಗಬೇಡಿ, ಇಡೀ ಅಡುಗೆಯ ರುಚಿ ಇರುವುದೇ ಅಲ್ಲಿ. ಅದರ ಮೇಲೇ ಹೆಚ್ಚಿದ ಈರುಳ್ಳಿ, ಜಜ್ಜಿದ ಬೆಳ್ಳುಳ್ಳಿ ಹಾಕಿ. ಈರುಳ್ಳಿ ಮೆತ್ತಗಾದಾಗ ಅರ್ಧ ಕಪ್ ನೀರು ಸುರಿದು ಮರದ ಸೌಟಿನಿಂದ ತಳ ಉಜ್ಜಿ. ಚುರ್ ಅಂತ ಆವಿ ಎದ್ದು, ಕರೆಯೆಲ್ಲ ಬಿಟ್ಟು ಗಸಿಯಾಗುತ್ತದೆ.

ಆ ನೀರಿಗೆ ಆಲೂಗಡ್ಡೆ, ಕ್ಯಾರೆಟ್. ಹೆಬ್ಬೆರಳ ಉಗುರಿನಷ್ಟು ಸಣ್ಣಗೆ ಹೆಚ್ಚಿದ್ದರೆ ಮುಚ್ಚಳ ಹಾಕಿ ಎಂಟು ನಿಮಿಷಕ್ಕೆ ಮುಕ್ಕಾಲು ಭಾಗ ಬೇಯುತ್ತವೆ. ತರಕಾರಿಗೆ ಚಿಟಿಕೆ ಉಪ್ಪು ಮರೆಯಬೇಡಿ. ಆಮೇಲೆ ಬೀನ್ಸ್ ಅಥವಾ ಹೂಕೋಸು ಹಾಕಿ ನಾಲ್ಕು ನಿಮಿಷ. ಆಮೇಲೆ ಚಿಕನ್, ತಟ್ಟೆಯಲ್ಲಿ ಇಳಿದ ರಸದ ಸಮೇತ. ಆ ರಸ ಪೂರ್ತಿ ಬೆಂದಿರುವುದಿಲ್ಲ, ಅದಕ್ಕೇ ಒಲೆ ಆರಿಸಿದ ಮೇಲೆ ಅದನ್ನು ಸುರಿಯಬಾರದು, ತಟ್ಟೆಯನ್ನು ತೊಳೆಯದೆ ಬಳಸಲೂಬಾರದು. ಸಣ್ಣ ಉರಿಯಲ್ಲಿ ಮುಚ್ಚಿ ಐದು ನಿಮಿಷ ಬೇಯಿಸಿ. ಕ್ಯಾಪ್ಸಿಕಂ, ಸೊಪ್ಪು ಏನಾದರೂ ಇದ್ದರೆ ಕೊನೆಯ ಎರಡು ನಿಮಿಷಕ್ಕೆ, ಮುಚ್ಚಳ ತೆಗೆದು. ನೀರು ಉಳಿದಿದ್ದರೆ ಆಗಲೇ ಇಂಗುತ್ತದೆ.

ಬೆಂದಿದೆಯೋ ಇಲ್ಲವೋ? ಅಡುಗೆಯ ಥರ್ಮಾಮೀಟರ್ ಇದ್ದರೆ ದಪ್ಪ ತುಂಡಿನ ನಡುವಿಗೆ ಚುಚ್ಚಿ, 74 ಡಿಗ್ರಿ ತೋರಿಸಬೇಕು. ಇಲ್ಲದಿದ್ದರೆ ಎಲ್ಲಕ್ಕಿಂತ ದಪ್ಪಗಿರುವ ತುಂಡನ್ನು ಕತ್ತರಿಸಿ ನೋಡಿ. ಒಳಗೆ ಗುಲಾಬಿ ಬಣ್ಣ ಇರಬಾರದು, ಒಸರುವ ರಸ ತಿಳಿಯಾಗಿರಬೇಕು. ಅನುಮಾನವಿದ್ದರೆ ಇನ್ನು ಮೂರು ನಿಮಿಷ ಮುಚ್ಚಿಡಿ. ತೊಡೆಯ ಭಾಗ ತಂದದ್ದು ಈಗ ಉಪಯೋಗಕ್ಕೆ ಬಂತು ನೋಡಿ.

ಒಲೆ ಆರಿಸಿ ನಿಂಬೆ ಹಿಂಡಿ. ಉರಿಯ ಮೇಲೆ ಹಿಂಡಿದರೆ ಅದರ ಘಮ ಹಾರಿಹೋಗುತ್ತದೆ. ಬಡಿಸಿಕೊಂಡ ಮೇಲೆ ಮಿಕ್ಕಿದ್ದನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ನಾಳೆ ತಿನ್ನುವ ಮುಂಚೆ ಹಬೆಯಾಡುವಷ್ಟು ಬಿಸಿ ಮಾಡಿ. ಖಾಲಿ ಬಾಣಲೆ ಸ್ವಲ್ಪ ಆರಿದ ಮೇಲೆ ಬೆಚ್ಚಗಿನ ನೀರು ತುಂಬಿಸಿಟ್ಟು ಊಟಕ್ಕೆ ಕೂತರೆ, ಏಳುವಷ್ಟರಲ್ಲಿ ಅದೂ ನೆನೆದಿರುತ್ತದೆ. ನಮಸ್ಕಾರ.